ಕರಿಬೇವಿನ ಗಿಡದ ಹುಳವನ್ನು ಕಿತ್ತೆಸೆಯುವ ಮುನ್ನ ಇದನ್ನು ಓದಿ: ಒಂದೇ ಚಿಟ್ಟೆ, ಹೆಣ್ಣಿಗೆ ಮೂರು ವೇಷ!

ಪುಣೆ: ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕೀಳಲು ಬಾಲ್ಕನಿಗೆ ಹೋಗುತ್ತೀರಿ. ನಿನ್ನೆಯವರೆಗೂ ಚೆನ್ನಾಗಿದ್ದ ಚಿಗುರು ಇಂದು ಅಂಚಿನಿಂದ ಕತ್ತರಿಸಿದಂತೆ ಕಾಣುತ್ತದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಬಿದ್ದಿದೆ. ಒರೆಸಿ ತೆಗೆಯೋಣವೆಂದು ಕೈ ಹಾಕಿದರೆ ಅದು ಅಲುಗಾಡುತ್ತದೆ! ಬಹಳಷ್ಟು ಮನೆಗಳಲ್ಲಿ ಆ ಹುಳದ ಕಥೆ ಅಲ್ಲಿಗೇ ಮುಗಿಯುತ್ತದೆ. ಒಂದೋ ಕಾಗದದಲ್ಲಿ ಹಿಡಿದು ಎಸೆಯುತ್ತಾರೆ, ಇಲ್ಲವೇ ನರ್ಸರಿಯಿಂದ ಔಷಧಿ ತಂದು ಸಿಂಪಡಿಸುತ್ತಾರೆ.

ಆದರೆ ಆ ಹುಳ ಯಾವುದು ಗೊತ್ತಾ? ಹೆಚ್ಚಿನ ಸಂದರ್ಭದಲ್ಲಿ ಅದು ಕಾಮನ್ ಮಾರ್ಮನ್ ಎಂಬ ಸುಂದರ ಚಿಟ್ಟೆಯ ಮರಿ. ಪುಣೆಯ ಕೋಥ್ರೂಡ್‌ನ ಅಪಾರ್ಟ್‌ಮೆಂಟ್ ಇರಲಿ, ಬೆಂಗಳೂರಿನ ಬಸವನಗುಡಿಯ ಮನೆಯಂಗಳವಿರಲಿ, ಧಾರವಾಡದ ಹಿತ್ತಿಲಿರಲಿ, ಕರಿಬೇವಿನ ಗಿಡ ಇರುವಲ್ಲೆಲ್ಲ ಇದು ಬರುತ್ತದೆ. ಮಹಾರಾಷ್ಟ್ರದಲ್ಲಿ ಕರಿಬೇವಿಗೆ ಕಡಿಪತ್ತಾ ಎನ್ನುತ್ತಾರೆ. ಹೆಸರು ಯಾವುದಾದರೂ ಚಿಟ್ಟೆಗೆ ಬೇಕಿರುವುದು ಅದರ ಎಲೆ ಮಾತ್ರ.

ವಿಜ್ಞಾನಿಗಳಿಗೂ ಈ ಚಿಟ್ಟೆಯ ಮೇಲೆ ವಿಶೇಷ ಆಸಕ್ತಿ. ಒಂದೂವರೆ ಶತಮಾನದಿಂದ ಇದರ ಬಗ್ಗೆ ಸಂಶೋಧನೆ ನಡೆಯುತ್ತಲೇ ಇದೆ. ಕಾರಣ, ಇದರ ಹೆಣ್ಣು ಚಿಟ್ಟೆ ಮೂರು ಬೇರೆ ಬೇರೆ ರೂಪಗಳಲ್ಲಿ ಹುಟ್ಟುತ್ತದೆ. ಅದರಲ್ಲಿ ಎರಡು ಅಪ್ಪಟ ವೇಷ. ಶತ್ರುಗಳ ಕಣ್ಣಿಗೆ ಮಣ್ಣೆರಚಲು ಹಾಕಿದ ವೇಷ! ಈ ವೇಷ ಕೆಲಸ ಮಾಡಬೇಕಾದರೆ ಬಾಲ್ಕನಿಯ ಕರಿಬೇವಿನ ಜತೆಗೆ ಊರಾಚೆಯ ಗುಡ್ಡದ ಒಂದು ಬಳ್ಳಿಯೂ ಉಳಿದಿರಬೇಕು. ಅದು ಹೇಗೆ? ಇಲ್ಲಿದೆ ವಿವರ.

ಹೇಗಿರುತ್ತದೆ ಈ ಚಿಟ್ಟೆ?

ಕಾಮನ್ ಮಾರ್ಮನ್‌ನ ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಪಾಲಿಟಿಸ್. ಸ್ವೀಡನ್‌ನ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಇದು ಸ್ವಾಲೋಟೇಲ್ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಅನೇಕ ಚಿಟ್ಟೆಗಳ ಹಿಂದಿನ ರೆಕ್ಕೆಯ ತುದಿಯಲ್ಲಿ ಪುಟ್ಟ ಬಾಲದಂಥ ಚಾಚು ಇರುತ್ತದೆ. ಸ್ವಾಲೋ ಹಕ್ಕಿಯ ಕವಲು ಬಾಲವನ್ನು ನೆನಪಿಸುವುದರಿಂದ ಈ ಹೆಸರು ಬಂದಿದೆ.

ಗಂಡು ಚಿಟ್ಟೆಯನ್ನು ಗುರುತಿಸುವುದು ಸುಲಭ. ಮೈ ಮತ್ತು ರೆಕ್ಕೆ ಕಡುಗಪ್ಪು. ಹಿಂದಿನ ರೆಕ್ಕೆಗಳ ನಡುವೆ ಬಿಳಿ ಮಚ್ಚೆಗಳ ಸಾಲೊಂದು ಅಡ್ಡಲಾಗಿ ಹಾದು ಹೋಗಿರುತ್ತದೆ. ಮುಂದಿನ ರೆಕ್ಕೆಯ ಅಂಚಿನಲ್ಲಿಯೂ ಸಣ್ಣ ಸಣ್ಣ ಬಿಳಿ ಚುಕ್ಕೆಗಳಿದ್ದು, ತುದಿಯತ್ತ ಹೋದಂತೆ ಕಿರಿದಾಗುತ್ತವೆ. ರೆಕ್ಕೆ ಬಿಚ್ಚಿದಾಗ ಈ ತುದಿಯಿಂದ ಆ ತುದಿಗೆ ಸುಮಾರು 9ರಿಂದ 10 ಸೆಂ.ಮೀ.

ಹೂವಿನ ಮೇಲೆ ಕುಳಿತಾಗಲೂ ಇದು ಸುಮ್ಮನಿರುವುದಿಲ್ಲ. ಮಕರಂದ ಹೀರುತ್ತಿರುವಾಗಲೂ ರೆಕ್ಕೆಗಳು ಪಟಪಟ ಬಡಿಯುತ್ತಲೇ ಇರುತ್ತವೆ. ಮೊಬೈಲ್‌ನಲ್ಲಿ ಫೋಟೊ ತೆಗೆಯಲು ಹೋದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಭಾರತ, ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ, ಚೀನಾ, ತೈವಾನ್ ಹಾಗೂ ಜಪಾನಿನ ದಕ್ಷಿಣದ ದ್ವೀಪಗಳವರೆಗೂ ಈ ಚಿಟ್ಟೆ ಹರಡಿಕೊಂಡಿದೆ.

ಗಂಡಿಗೆ ಒಂದೇ ರೂಪ, ಹೆಣ್ಣಿಗೆ ಮೂರು!

ಗಂಡು ಎಲ್ಲೇ ಇದ್ದರೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಹೆಣ್ಣಿನ ಕಥೆಯೇ ಬೇರೆ. ನಮ್ಮಲ್ಲಿ ಕಾಣಸಿಗುವ ಹೆಣ್ಣು ಚಿಟ್ಟೆಯ ಮೂರು ರೂಪಗಳು ಹೀಗಿವೆ:

ಸೈರಸ್ ರೂಪ: ನೋಡಲು ಗಂಡಿನಂತೆಯೇ ಇರುತ್ತದೆ. ಕಪ್ಪು ರೆಕ್ಕೆ, ಬಿಳಿ ಮಚ್ಚೆಗಳ ಸಾಲು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಕೆಂಪು ಗುರುತುಗಳು ಕಾಣುತ್ತವೆ.

ಸ್ಟಿಚಿಯಸ್ ರೂಪ: ಹಿಂದಿನ ರೆಕ್ಕೆಯ ನಡುವೆ ಬಿಳಿ ಬಣ್ಣದ ದೊಡ್ಡ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆಗಳು. ಇದು ಥೇಟ್ ಕಾಮನ್ ರೋಸ್ ಎಂಬ ಬೇರೊಂದು ಚಿಟ್ಟೆಯಂತೆ ಕಾಣುತ್ತದೆ.

ರೊಮ್ಯುಲಸ್ ರೂಪ: ಮುಂದಿನ ರೆಕ್ಕೆಗಳಲ್ಲಿ ಬಿಳಿ ಪಟ್ಟೆಗಳು, ಹಿಂದಿನ ರೆಕ್ಕೆಗಳ ತುಂಬ ಕೆಂಪು ಮಚ್ಚೆಗಳು. ಇದು ಕ್ರಿಮ್ಸನ್ ರೋಸ್ ಎಂಬ ಚಿಟ್ಟೆಯ ನಕಲು.

ಮೂರನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿಯವೆಂದು ಯಾರೂ ನಂಬಲಾರರು. ಹಿಂದಿನ ಕಾಲದ ಕೀಟತಜ್ಞರೂ ಇವುಗಳನ್ನು ಬೇರೆ ಬೇರೆ ಪ್ರಭೇದಗಳೆಂದೇ ತಿಳಿದಿದ್ದರು.

ಅಂದಹಾಗೆ, ಮಾರ್ಮನ್ ಎಂಬ ವಿಚಿತ್ರ ಹೆಸರಿಗೂ ಇದೇ ಕಾರಣ ಎನ್ನಲಾಗುತ್ತದೆ. ಅಮೆರಿಕದ ಮಾರ್ಮನ್ ಪಂಥದಲ್ಲಿ ಒಂದು ಕಾಲಕ್ಕೆ ಬಹುಪತ್ನಿತ್ವ ರೂಢಿಯಲ್ಲಿತ್ತು. ಒಂದೇ ಬಗೆಯ ಗಂಡಿಗೆ ಹಲವು ಬಗೆಯ ಹೆಣ್ಣುಗಳಿರುವುದನ್ನು ಕಂಡ ಬ್ರಿಟಿಷರ ಕಾಲದ ಚಿಟ್ಟೆತಜ್ಞರು ಈ ಹೆಸರನ್ನು ಬಳಕೆಗೆ ತಂದರಂತೆ.

ವೇಷ ಹಾಕುವುದು ಯಾಕೆ?

ಇದನ್ನು ತಿಳಿಯಲು ಮೊದಲು ರೋಸ್ ಚಿಟ್ಟೆಗಳ ಬಗ್ಗೆ ತಿಳಿಯಬೇಕು. ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿಗಳ ಎಲೆಗಳನ್ನು ಮಾತ್ರ ತಿನ್ನುತ್ತವೆ. ಈಶ್ವರಿ ಬೇರು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಈ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಸ್ವತಃ ವಿಷಕಾರಿ. ಮನುಷ್ಯರ ಮೂತ್ರಪಿಂಡಕ್ಕೂ ಅದು ಹಾನಿ ಮಾಡುತ್ತದೆ.

ರೋಸ್ ಚಿಟ್ಟೆಯ ಹುಳ ಮಾತ್ರ ಈ ವಿಷವನ್ನು ತಿಂದು ಅರಗಿಸಿಕೊಂಡು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷ ಮೈಯಲ್ಲಿರುತ್ತದೆ. ಅನುಭವವಿಲ್ಲದ ಹಕ್ಕಿ ಒಮ್ಮೆ ರೋಸ್ ಚಿಟ್ಟೆಗೆ ಬಾಯಿ ಹಾಕಿದರೆ ಕಹಿ ಉಂಡು ಉಗುಳುತ್ತದೆ. ಆ ಕಪ್ಪು-ಕೆಂಪು ಬಣ್ಣವನ್ನು ಕಂಡರೆ ಮತ್ತೆ ಹತ್ತಿರ ಸುಳಿಯುವುದಿಲ್ಲ. ಹೀಗಾಗಿ ರೋಸ್ ಚಿಟ್ಟೆಗಳು ಯಾವ ಅವಸರವೂ ಇಲ್ಲದೆ ನಿಧಾನವಾಗಿ ಹಾರಾಡುತ್ತವೆ.

ಕಾಮನ್ ಮಾರ್ಮನ್‌ಗೆ ಇಂಥ ವಿಷವಿಲ್ಲ. ಕರಿಬೇವು, ನಿಂಬೆ ತಿಂದು ಬೆಳೆದ ಇದು ಹಕ್ಕಿಗಳಿಗೆ ಒಳ್ಳೆಯ ಊಟ. ಆದ್ದರಿಂದಲೇ ಹೆಣ್ಣು ಚಿಟ್ಟೆ ರೋಸ್ ಚಿಟ್ಟೆಯ ಬಣ್ಣ ತೊಟ್ಟುಕೊಂಡಿದೆ. ಬಣ್ಣವಷ್ಟೇ ಅಲ್ಲ, ವೇಷಧಾರಿ ಹೆಣ್ಣು ರೋಸ್ ಚಿಟ್ಟೆಯ ನಿಧಾನಗತಿಯ ಹಾರಾಟವನ್ನೂ ಅನುಕರಿಸುತ್ತದೆ. ಹಕ್ಕಿ ಮೋಸ ಹೋಗುತ್ತದೆ, ಚಿಟ್ಟೆ ಬದುಕುತ್ತದೆ.

ಹೆಣ್ಣು ಚಿಟ್ಟೆಗೆ ಈ ರಕ್ಷಣೆ ಹೆಚ್ಚು ಬೇಕು. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತು, ಸರಿಯಾದ ಗಿಡ ಹುಡುಕುತ್ತ, ಎಲೆಯಿಂದ ಎಲೆಗೆ ನಿಧಾನವಾಗಿ ಹಾರಬೇಕಾಗುವುದರಿಂದ ಅದು ಸುಲಭವಾಗಿ ಹಕ್ಕಿಯ ಕಣ್ಣಿಗೆ ಬೀಳುತ್ತದೆ.

ಅಸಲಿ ಯಾವುದು, ನಕಲಿ ಯಾವುದು?

ಹಕ್ಕಿಗೆ ಗೊತ್ತಾಗದಿದ್ದರೂ ನೀವು ಸುಲಭವಾಗಿ ಪತ್ತೆ ಹಚ್ಚಬಹುದು. ರೆಕ್ಕೆಯನ್ನು ಬಿಟ್ಟು ಮೈಯನ್ನು ನೋಡಿ. ಅಸಲಿ ರೋಸ್ ಚಿಟ್ಟೆಯ ತಲೆ ಮತ್ತು ಹೊಟ್ಟೆಯ ಭಾಗದಲ್ಲಿ ಎದ್ದು ಕಾಣುವ ಕೆಂಪು ಬಣ್ಣ ಇರುತ್ತದೆ. ಮಾರ್ಮನ್ ಹೆಣ್ಣಿನ ಮೈ ಪೂರ್ತಿ ಕಪ್ಪು. ರೆಕ್ಕೆಗೆ ಬಣ್ಣ ಬಳಿದುಕೊಂಡ ಹಗಲುವೇಷಗಾರ ಮೈಗೆ ಬಳಿದುಕೊಳ್ಳಲು ಮರೆತಂತೆ!

ವಾಲೇಸ್‌ನಿಂದ ಬೆಂಗಳೂರಿನವರೆಗೆ

ವಿಷವಿಲ್ಲದ ಜೀವಿ ವಿಷವಿರುವ ಜೀವಿಯಂತೆ ಕಾಣಿಸಿಕೊಂಡು ಬಚಾವಾಗುವುದನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಮರಳಿದ ಅವರು 1862ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಇದನ್ನು ಈಗಲೂ ಬೇಟ್ಸಿಯನ್ ಅನುಕರಣೆ ಎಂದೇ ಕರೆಯುತ್ತಾರೆ.

ಬೇಟ್ಸ್ ಅವರ ಗೆಳೆಯ ಆಲ್ಫ್ರೆಡ್ ರಸಲ್ ವಾಲೇಸ್ ಮಲಯ ದ್ವೀಪಸಮೂಹದ ಚಿಟ್ಟೆಗಳ ಕುರಿತು 1865ರಲ್ಲಿ ಬರೆದ ಪ್ರಬಂಧದಲ್ಲಿ ಕಾಮನ್ ಮಾರ್ಮನ್ ವಿಷಯ ಬರುತ್ತದೆ. ಬೇರೆ ಬೇರೆ ಪ್ರಭೇದಗಳೆಂದು ತಿಳಿದಿದ್ದ ಚಿಟ್ಟೆಗಳು ಒಂದೇ ಪ್ರಭೇದದ ಹೆಣ್ಣಿನ ವಿವಿಧ ರೂಪಗಳು ಎಂದು ಅವರು ತೋರಿಸಿಕೊಟ್ಟರು. ಡಾರ್ವಿನ್ ಜತೆಗೆ ವಿಕಾಸವಾದವನ್ನು ಮುಂದಿಟ್ಟವರು ಇದೇ ವಾಲೇಸ್.

ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಹೆಣ್ಣುಗಳು ಹೇಗೆ ಬರುತ್ತವೆ? ನಡುವಿನ ಅರೆಬರೆ ರೂಪಗಳು ಯಾಕೆ ಹುಟ್ಟುವುದಿಲ್ಲ? ಬ್ರಿಟನ್ನಿನ ಸಿರಿಲ್ ಕ್ಲಾರ್ಕ್ ಮತ್ತು ಫಿಲಿಪ್ ಶೆಪರ್ಡ್ ಈ ಚಿಟ್ಟೆಗಳನ್ನು ಸಾಕಿ, ಕೂಡಿಸಿ, ಮರಿಗಳ ಲೆಕ್ಕ ಹಾಕಿ, ವರ್ಣತಂತುವಿನ ಒಂದೇ ಜಾಗ ಇದನ್ನೆಲ್ಲ ನಿಯಂತ್ರಿಸುತ್ತದೆ ಎಂದು 1972ರಲ್ಲಿ ವರದಿ ಮಾಡಿದರು. ಅಲ್ಲಿ ಹಲವು ಜೀನ್‌ಗಳು ಒತ್ತೊತ್ತಾಗಿ ಅಂಟಿಕೊಂಡಿರಬೇಕು ಎಂಬುದು ಆಗಿನ ಊಹೆಯಾಗಿತ್ತು.

ಉತ್ತರ ಸಿಕ್ಕಿದ್ದು 2014ರಲ್ಲಿ. ಈ ಸಂಶೋಧನೆಯಲ್ಲಿ ಪುಣೆ ಮತ್ತು ಬೆಂಗಳೂರು ಎರಡಕ್ಕೂ ನಂಟಿದೆ. ಪುಣೆ ಸುತ್ತಮುತ್ತಲಿನ ಚಿಟ್ಟೆಗಳ ಮೇಲೆ 1990ರ ದಶಕದಲ್ಲೇ ಅಧ್ಯಯನ ಮಾಡಿದ್ದ, ಈಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿರುವ ಕೃಷ್ಣಮೇಘ ಕುಂಟೆ ಅವರು ಷಿಕಾಗೊ ವಿಶ್ವವಿದ್ಯಾಲಯದ ಮಾರ್ಕಸ್ ಕ್ರಾನ್‌ಫೋರ್ಸ್ಟ್ ಮತ್ತಿತರರ ಜತೆಗೂಡಿ ನೇಚರ್ ಪತ್ರಿಕೆಯಲ್ಲಿ ಈ ಪ್ರಬಂಧ ಪ್ರಕಟಿಸಿದರು. ವೇಷದ ಹಿಂದಿರುವುದು ಜೀನ್‌ಗಳ ಗುಂಪಲ್ಲ, ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂಬುದು ಅದರ ತಿರುಳು.

ಡಬಲ್‌ಸೆಕ್ಸ್ ಹೊಸ ಜೀನ್ ಏನಲ್ಲ. ಕೀಟಗಳಲ್ಲಿ ಗಂಡಿನ ಮೈ ಗಂಡಿನಂತೆ, ಹೆಣ್ಣಿನ ಮೈ ಹೆಣ್ಣಿನಂತೆ ಬೆಳೆಯುವಂತೆ ನೋಡಿಕೊಳ್ಳುವುದು ಇದರ ಮೂಲ ಕೆಲಸ. ಅದೇ ಜೀನ್ ಈ ಚಿಟ್ಟೆಯಲ್ಲಿ ರೆಕ್ಕೆಯ ಬಣ್ಣ ನಿರ್ಧರಿಸುವ ಕೆಲಸವನ್ನೂ ವಹಿಸಿಕೊಂಡಿದೆ. ವೇಷದ ಜೀನ್ ಗಂಡಿನ ಮೈಯಲ್ಲೂ ಇರಬಹುದು, ಆದರೆ ಅದು ಬಣ್ಣ ತೋರಿಸುವುದು ಹೆಣ್ಣಿನಲ್ಲಿ ಮಾತ್ರ. ವರ್ಣತಂತುವಿನ ಆ ಭಾಗ ತಲೆಕೆಳಗಾಗಿ ಜೋಡಣೆಯಾಗಿರುವುದರಿಂದ ಅದು ಮುರಿದು ಬೆರೆಯುವುದಿಲ್ಲ. ಅರೆಬರೆ ವೇಷ ಹುಟ್ಟದಿರಲು ಇದೇ ಕಾರಣ. ಜಪಾನಿನ ವಿಜ್ಞಾನಿಗಳ ತಂಡವೂ 2015ರಲ್ಲಿ ಇದನ್ನು ದೃಢಪಡಿಸಿತು.

ಮೊಟ್ಟೆಯಿಂದ ಚಿಟ್ಟೆವರೆಗೆ: ಒಂದು ತಿಂಗಳ ಪಯಣ

ಈಗ ಮತ್ತೆ ಬಾಲ್ಕನಿಗೆ ಬರೋಣ. ಹೆಣ್ಣು ಚಿಟ್ಟೆ ಗಿಡವನ್ನು ಹುಡುಕುವುದು ಕಣ್ಣು ಮತ್ತು ವಾಸನೆಯಿಂದ. ಆದರೆ ಖಾತ್ರಿ ಮಾಡಿಕೊಳ್ಳುವುದು ಕಾಲಿನಿಂದ! ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ಟಪಟಪನೆ ಬಡಿಯುತ್ತದೆ. ಕಾಲಿನಲ್ಲಿರುವ ರುಚಿ ಗ್ರಹಿಸುವ ಅಂಗಗಳು ಇದು ತನ್ನ ಮಕ್ಕಳಿಗೆ ಆಗುವ ಎಲೆಯೇ ಎಂದು ತಿಳಿಸುತ್ತವೆ.

ನಿಂಬೆ ಕುಟುಂಬದ ಗಿಡಗಳೇ ಇದಕ್ಕೆ ಬೇಕು. ಕರಿಬೇವು, ನಿಂಬೆ, ಕಿತ್ತಳೆ, ಬಿಲ್ವಪತ್ರೆ ಎಲ್ಲವೂ ಅದೇ ಕುಟುಂಬದವು. ಬೇಲಿಗಾಗಿ ಬೆಳೆಸುವ, ಬಿಳಿ ಹೂ ಬಿಡುವ ಕಾಮಿನಿ ಗಿಡವೂ ಅದೇ ಬಳಗ.

ಮೊದಲ ಹಂತ ಮೊಟ್ಟೆ. ಸಾಸಿವೆ ಕಾಳಿಗಿಂತ ಚಿಕ್ಕದಾದ, ತಿಳಿ ಹಳದಿ ಬಣ್ಣದ ದುಂಡನೆಯ ಮೊಟ್ಟೆ. ಒಂದೆಡೆ ಒಂದೇ ಒಂದು ಇಡುತ್ತದೆ, ಗುಂಪಾಗಿ ಇಡುವುದಿಲ್ಲ. ಮೂರರಿಂದ ಐದು ದಿನಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿಯ ಮೊದಲ ಊಟ ಸಾಮಾನ್ಯವಾಗಿ ತನ್ನದೇ ಮೊಟ್ಟೆಯ ಸಿಪ್ಪೆ.

ಎರಡನೇ ಹಂತ ಮರಿಹುಳು. ಇದು ನಾಲ್ಕು ಸಲ ಪೊರೆ ಕಳಚುತ್ತ ಐದು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ನಾಲ್ಕು ಹಂತಗಳಲ್ಲಿ ಕಂದು ಮೈ, ಅದರ ಮೇಲೆ ಬಿಳಿ ಗೆರೆ. ಥೇಟ್ ಹಕ್ಕಿಯ ಹಿಕ್ಕೆ! ತನ್ನ ಹಿಕ್ಕೆಯನ್ನು ಯಾವ ಹಕ್ಕಿ ತಾನೇ ತಿಂದೀತು? ಮೈ ದೊಡ್ಡದಾದಾಗ ಈ ಮೋಸ ನಡೆಯುವುದಿಲ್ಲ. ಹಾಗಾಗಿ ಐದನೇ ಹಂತಕ್ಕೆ ಬಂದಾಗ ಹುಳ ಪೂರ್ತಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಎಲೆಗಳ ನಡುವೆ ಕುಳಿತರೆ ಹುಡುಕುವುದೇ ಕಷ್ಟ. ಎದೆಯ ಭಾಗದಲ್ಲಿ ಕಣ್ಣಿನಂಥ ಎರಡು ಗುರುತುಗಳು ಮೂಡಿ, ಪುಟ್ಟ ಹಾವಿನ ತಲೆಯಂತೆ ತೋರುತ್ತದೆ.

ಕೈ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಫಕ್ಕನೆ ಹೊರಚಾಚುತ್ತದೆ, ಜತೆಗೆ ಘಾಟು ವಾಸನೆ. ಇರುವೆ, ಜೇಡಗಳಂಥ ಸಣ್ಣ ಶತ್ರುಗಳನ್ನು ಓಡಿಸಲು ಈ ಅಂಗವಿದೆ. ಮನುಷ್ಯರಿಗೆ ಇದರಿಂದ ಯಾವ ಅಪಾಯವೂ ಇಲ್ಲ. ಈ ಹುಳಕ್ಕೆ ತುರಿಸುವ ರೋಮಗಳೂ ಇಲ್ಲ, ಕಚ್ಚುವುದೂ ಇಲ್ಲ.

ಮೂರನೇ ಹಂತ ಕೋಶ. ತಿಂದು ತಣಿದ ಹುಳ ಕಡ್ಡಿಯೊಂದನ್ನು ಹುಡುಕಿ, ಬಾಲದ ತುದಿಯನ್ನು ರೇಷ್ಮೆಯ ಎಳೆಯಿಂದ ಅಂಟಿಸಿಕೊಳ್ಳುತ್ತದೆ. ನಡುವಿಗೊಂದು ರೇಷ್ಮೆ ದಾರ ಕಟ್ಟಿಕೊಂಡು ಹಿಂದಕ್ಕೆ ಒರಗುತ್ತದೆ. ತೆಂಗಿನ ಮರ ಏರುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒರಗಿದಂತೆ. ಹಸಿರು ಕಡ್ಡಿಯಾದರೆ ಕೋಶ ಹೆಚ್ಚಾಗಿ ಹಸಿರು, ಒಣ ಕಡ್ಡಿ ಅಥವಾ ಗೋಡೆಯಾದರೆ ಕಂದು. ಸುಮಾರು 10 ದಿನದಿಂದ ಎರಡು ವಾರ ಇದೇ ಸ್ಥಿತಿ.

ಕೊನೆಗೆ ಒಂದು ಬೆಳಗ್ಗೆ ಕೋಶ ಬಿರಿಯುತ್ತದೆ. ಮುದುಡಿದ ಒದ್ದೆ ರೆಕ್ಕೆಗಳ ಚಿಟ್ಟೆ ತೆವಳಿ ಹೊರಬಂದು ತಲೆಮೇಲಾಗಿ ನಿಲ್ಲುತ್ತದೆ. ಮೈಯ ದ್ರವ ರೆಕ್ಕೆಯ ನರಗಳಿಗೆ ಹರಿದು ರೆಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಸಹಾಯ ಮಾಡಲು ಹೋಗಿ ಮುಟ್ಟಬೇಡಿ. ರೆಕ್ಕೆ ಸೊಟ್ಟಗಾದರೆ ಅದು ಮತ್ತೆಂದೂ ಹಾರಲಾರದು.

ಹೀಗೆ ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಆದರೆ ಎಲ್ಲ ಮೊಟ್ಟೆಗಳೂ ಅಲ್ಲಿಯವರೆಗೆ ಬರುವುದಿಲ್ಲ. ಇರುವೆ, ಜೇಡ, ಹಕ್ಕಿಗಳ ಜತೆಗೆ ಮೊಟ್ಟೆಯಲ್ಲಿ ಅಥವಾ ಕೋಶದಲ್ಲಿ ತಮ್ಮದೇ ಮೊಟ್ಟೆ ಇಡುವ ಪುಟ್ಟ ಕಣಜಗಳ ಕಾಟವೂ ಇದೆ. ಬದುಕುಳಿಯುವುದು ಕೆಲವೇ ಕೆಲವು. ಅಂದರೆ, ಯಾವ ಔಷಧಿಯೂ ಇಲ್ಲದೆ ಪ್ರಕೃತಿಯೇ ಇವುಗಳ ಸಂಖ್ಯೆಯನ್ನು ಹಿಡಿತದಲ್ಲಿಡುತ್ತದೆ.

ಅದೇ ಗಿಡಕ್ಕೆ ಬರುವ ಇತರ ಅತಿಥಿಗಳು

ನಿಂಬೆ, ಕರಿಬೇವಿನ ಗಿಡದಲ್ಲಿ ಕಂಡ ಹುಳವೆಲ್ಲ ಕಾಮನ್ ಮಾರ್ಮನ್ ಎಂದೇನೂ ಅಲ್ಲ. ಹಳದಿ-ಕಪ್ಪು ಚಿತ್ತಾರದ ಲೈಮ್ ಬಟರ್‌ಫ್ಲೈ ಎಂಬ ಇದರ ಸಂಬಂಧಿಯೂ ಇಲ್ಲೇ ಮೊಟ್ಟೆಯಿಡುತ್ತದೆ. ಇದಕ್ಕೆ ಬಾಲ ಇರುವುದಿಲ್ಲ.

ಇನ್ನೊಂದು ಸಂಬಂಧಿ ಬ್ಲೂ ಮಾರ್ಮನ್. ಕಪ್ಪು ರೆಕ್ಕೆಯ ಮೇಲೆ ಆಕಾಶ ನೀಲಿ ಹರಡಿಕೊಂಡ ಈ ಚಿಟ್ಟೆಯ ರೆಕ್ಕೆಯ ಅಗಲ 12ರಿಂದ 15 ಸೆಂ.ಮೀ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ರಾಜ್ಯ ಚಿಟ್ಟೆ ಎಂದು ಘೋಷಿಸಿತು. ದೇಶದಲ್ಲಿ ರಾಜ್ಯ ಚಿಟ್ಟೆಯನ್ನು ಘೋಷಿಸಿದ ಮೊದಲ ರಾಜ್ಯ ಮಹಾರಾಷ್ಟ್ರ. ಇದೂ ನಿಂಬೆ ಕುಟುಂಬದ ಗಿಡಗಳನ್ನೇ ಅವಲಂಬಿಸಿದೆ.

ಪುಣೆಯ ಗುಡ್ಡಗಳಿಗೂ ಚಿಟ್ಟೆಗೂ ಏನು ಸಂಬಂಧ?

ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆ, ಪಶ್ಚಿಮ ಘಟ್ಟದ ಪೂರ್ವ ಮಗ್ಗುಲಲ್ಲಿದೆ. ಪಶ್ಚಿಮಕ್ಕೆ ಲೋಣಾವಳ, ತಾಮ್ಹಿಣಿ ಘಾಟ್‌ನ ಭಾರಿ ಮಳೆ. ಪೂರ್ವಕ್ಕೆ ದಖನ್ನಿನ ಒಣ ಬಯಲು. ನಡುವೆ ಊರೊಳಗೇ ಎದ್ದು ನಿಂತ ಗುಡ್ಡಗಳಿಗೆ ಇಲ್ಲಿನವರು ಟೇಕಡಿ ಎನ್ನುತ್ತಾರೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ಪರ್ವತಿ, ತಳಜಾಯಿ ಹೀಗೆ ಹಲವು. ಕನ್ನಡ ಕಾವ್ಯಕ್ಕೆ ಪಾತರಗಿತ್ತಿಯನ್ನು ತಂದ ದ.ರಾ. ಬೇಂದ್ರೆ ಓದಿದ ಫರ್ಗ್ಯುಸನ್ ಕಾಲೇಜಿನ ಬೆನ್ನಿಗೇ ಹನುಮಾನ್ ಟೇಕಡಿ ಇದೆ.

ಉತ್ತರ ಪಶ್ಚಿಮ ಘಟ್ಟದಲ್ಲಿ ಕುಂಟೆ ಅವರು ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಳೆಗಾಲದ ಕೊನೆ ಹಾಗೂ ಚಳಿಗಾಲದ ಆರಂಭದಲ್ಲಿ ಚಿಟ್ಟೆಗಳ ಸಂಖ್ಯೆ ಮತ್ತು ವೈವಿಧ್ಯ ಹೆಚ್ಚು. ಮಳೆಗೆ ಗಿಡಗಳು ಚಿಗುರುತ್ತವೆ, ಚಿಗುರು ತಿಂದ ಹುಳಗಳು ಗಣೇಶನ ಹಬ್ಬದಿಂದ ದೀಪಾವಳಿಯ ಹೊತ್ತಿಗೆ ಚಿಟ್ಟೆಗಳಾಗಿ ಹೊರಬರುತ್ತವೆ. ಪುಣೆಯಲ್ಲಿ ಜನವಸತಿ ಹೆಚ್ಚಿದಂತೆ ಚಿಟ್ಟೆಗಳ ವೈವಿಧ್ಯ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆಯೂ 2001ರಲ್ಲಿ ಅವರು ಪ್ರತ್ಯೇಕ ಅಧ್ಯಯನ ಪ್ರಕಟಿಸಿದ್ದರು.

ಊರು ಬೆಳೆದಂತೆ ಕಾಮನ್ ಮಾರ್ಮನ್‌ಗೆ ದೊಡ್ಡ ತೊಂದರೆ ಆಗಿಲ್ಲ. ಕಾರಣ, ಮನುಷ್ಯರು ಎಲ್ಲಿಗೆ ಹೋದರೂ ಕರಿಬೇವು, ನಿಂಬೆ ಗಿಡಗಳನ್ನು ಜತೆಗೇ ಒಯ್ಯುತ್ತಾರೆ. ಹತ್ತನೇ ಮಹಡಿಯ ಕುಂಡದಲ್ಲಿದ್ದರೂ ಸರಿ, ಚಿಟ್ಟೆ ಹುಡುಕಿಕೊಂಡು ಬರುತ್ತದೆ.

ಆದರೆ ರೋಸ್ ಚಿಟ್ಟೆಗಳಿಗೆ ಈ ಭಾಗ್ಯವಿಲ್ಲ. ಈಶ್ವರಿ ಬಳ್ಳಿಯನ್ನು ಯಾರೂ ಒಗ್ಗರಣೆಗೆ ಹಾಕುವುದಿಲ್ಲ, ಬಾಲ್ಕನಿಯಲ್ಲಿ ಬೆಳೆಸುವವರೂ ಅಪರೂಪ. ಅದು ಉಳಿಯುವುದು ಗುಡ್ಡದ ಇಳಿಜಾರು, ಬೇಲಿ ಸಾಲು, ಪಾಳುಬಿದ್ದ ಪೊದೆಗಳಲ್ಲಿ. ಗುಡ್ಡ ಅಗೆದರೆ, ಪೊದೆ ಸವರಿ ಲಾನ್ ಹಾಕಿದರೆ ಬಳ್ಳಿ ಹೋಗುತ್ತದೆ. ಬಳ್ಳಿ ಹೋದರೆ ರೋಸ್ ಚಿಟ್ಟೆ ಹೋಗುತ್ತದೆ.

ರೋಸ್ ಚಿಟ್ಟೆ ಹೋದರೆ ಮಾರ್ಮನ್ ಹೆಣ್ಣಿನ ವೇಷಕ್ಕೆ ಏನು ಬೆಲೆ? ಕಹಿಯ ನೆನಪಿಲ್ಲದ ಹಕ್ಕಿ ಬಣ್ಣಕ್ಕೆ ಹೆದರುವುದಿಲ್ಲ. ನಕಲಿ ನಾಣ್ಯ ಚಲಾವಣೆಯಾಗಬೇಕಾದರೆ ಊರಲ್ಲಿ ಅಸಲಿ ನಾಣ್ಯ ಸಾಕಷ್ಟು ಓಡಾಡುತ್ತಿರಬೇಕು. ಹಾಗೆಯೇ ಇದು.

ಇದು ಬರೀ ತರ್ಕವಲ್ಲ, ಜಪಾನಿನ ಮಿಯಾಕೊ ದ್ವೀಪದಲ್ಲಿ ಕಣ್ಣಾರೆ ಕಂಡ ಸಂಗತಿ. ಅಲ್ಲಿ ಕಾಮನ್ ಮಾರ್ಮನ್ ಮೊದಲಿನಿಂದಲೂ ಇತ್ತು. 1960ರ ದಶಕದ ಕೊನೆಯಲ್ಲಿ ಕಾಮನ್ ರೋಸ್ ಚಿಟ್ಟೆ ಆ ದ್ವೀಪಕ್ಕೆ ಬಂದು ನೆಲೆಯೂರಿತು. ನಂತರದ ವರ್ಷಗಳಲ್ಲಿ ಕಾಮನ್ ಮಾರ್ಮನ್ ಹೆಣ್ಣುಗಳ ಪೈಕಿ ರೋಸ್ ವೇಷದವುಗಳ ಪ್ರಮಾಣ ಏರುತ್ತಾ ಹೋಗಿದ್ದನ್ನು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಅಸಲಿ ಬಂದಾಗ ವೇಷಕ್ಕೆ ಬೆಲೆ ಬಂತು. ಅಸಲಿ ಮರೆಯಾದರೆ ಅದೇ ಬೆಲೆ ಇಳಿಯುತ್ತದೆ.

ಕರ್ನಾಟಕದ ಓದುಗರಿಗೆ ಇನ್ನೂ ಒಂದು ಮಾತು. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಗಳೂ ತಿನ್ನುವುದು ಇದೇ ಈಶ್ವರಿ ಬಳ್ಳಿಯ ಬಳಗದ ಎಲೆಗಳನ್ನು! ಒಂದು ಬಳ್ಳಿಯ ಮೇಲೆ ಎಷ್ಟು ಬದುಕುಗಳು ನಿಂತಿವೆ ನೋಡಿ.

ಪುಣೆಯ ಟೇಕಡಿಗಳನ್ನು ಉಳಿಸಿಕೊಳ್ಳಲು ಅಲ್ಲಿನ ನಾಗರಿಕರು ವರ್ಷಗಳಿಂದ ದನಿ ಎತ್ತುತ್ತಲೇ ಬಂದಿದ್ದಾರೆ. ವೇತಾಳ ಟೇಕಡಿಯ ಮೂಲಕ ಹಾದು ಹೋಗುವ ಬಾಲಭಾರತಿ-ಪೌಡ್ ಫಾಟಾ ರಸ್ತೆ ಯೋಜನೆಯನ್ನು ವಿರೋಧಿಸಿ 2023ರಲ್ಲಿ ಜನ ಬೀದಿಗಿಳಿದಿದ್ದರು. ಸಂಚಾರ ದಟ್ಟಣೆ ತಗ್ಗಿಸಲು ರಸ್ತೆ ಬೇಕು ಎನ್ನುವ ವಾದವೂ ಇದೆ. ಅಂತರ್ಜಲ, ಶುದ್ಧ ಗಾಳಿ, ನವಿಲುಗಳ ಮಾತು ಈ ಚರ್ಚೆಯಲ್ಲಿ ಬರುತ್ತದೆ. ಪೊದೆಯೊಳಗಿನ ಒಂದು ಬಳ್ಳಿಯ ಮಾತು ಬರುವುದು ಕಡಿಮೆ.

ಹಾಗಾದರೆ ನೀವೇನು ಮಾಡಬಹುದು?

ಮೊದಲನೆಯದಾಗಿ, ಹುಳ ಕಂಡ ತಕ್ಷಣ ಗಾಬರಿಯಾಗಬೇಡಿ. ಎರಡು ಮೂರು ವರ್ಷದ ಕರಿಬೇವಿನ ಗಿಡ ಎರಡು ಮೂರು ಹುಳಗಳಿಂದ ಸಾಯುವುದಿಲ್ಲ. ಎಲೆ ಹೋದ ಕಡ್ಡಿಯಲ್ಲಿ ಮತ್ತೆ ಚಿಗುರು ಬರುತ್ತದೆ. ಕರಿಬೇವಿನ ತುದಿ ಚಿವುಟಿದರೆ ಕವಲೊಡೆಯುತ್ತದೆ ಎಂದು ಗಿಡ ಬೆಳೆಸುವವರೇ ಹೇಳುತ್ತಾರಲ್ಲವೇ?

ಗಿಡ ತೀರಾ ಚಿಕ್ಕದಾಗಿದ್ದರೆ ಹುಳ ಇರುವ ಎಲೆಯನ್ನೇ ಕತ್ತರಿಸಿ, ಹತ್ತಿರದ ದೊಡ್ಡ ಕರಿಬೇವಿನ ಗಿಡದ ಮೇಲಿಡಿ. ಹುಳವನ್ನು ಬರಿಗೈಯಲ್ಲಿ ಎಳೆದು ಕೀಳಬೇಡಿ, ಮೈಗೆ ಪೆಟ್ಟಾಗುತ್ತದೆ.

ಕೀಟನಾಶಕ ಸಿಂಪಡಿಸುವ ಮುನ್ನ ಯೋಚಿಸಿ. ಆ ಎಲೆ ಕೊನೆಗೆ ಹೋಗುವುದು ನಿಮ್ಮದೇ ಸಾರು, ಚಿತ್ರಾನ್ನಕ್ಕೆ. ಬೇವಿನ ಎಣ್ಣೆ ಕೂಡ ಚಿಟ್ಟೆಯ ಹುಳಕ್ಕೆ ಮಾರಕ ಎಂಬುದು ನೆನಪಿರಲಿ. ವಿಜಯಪುರದ ಇಂಡಿ ಭಾಗದಂತೆ ನಿಂಬೆ ಬೆಳೆಯನ್ನೇ ನಂಬಿದ ರೈತರ ಮಾತು ಬೇರೆ. ಎಳೆ ಸಸಿಗಳ ತೋಟದಲ್ಲಿ ಈ ಹುಳಗಳಿಂದ ನಷ್ಟವಾಗಬಹುದು, ಅವರು ತೋಟಗಾರಿಕೆ ಇಲಾಖೆಯ ಸಲಹೆ ಪಡೆಯುವುದು ಸೂಕ್ತ. ಮನೆಯ ಒಂದು ಕುಂಡದ ಗಿಡಕ್ಕೆ ಆ ಚಿಂತೆ ಬೇಕಿಲ್ಲ.

ಚಿಟ್ಟೆ ಬರಲಿ ಎಂದು ಬರೀ ಹೂಗಿಡ ನೆಟ್ಟರೆ ಸಾಲದು. ಹೂವು ಚಿಟ್ಟೆಗೆ ಹೋಟೆಲ್ ಇದ್ದಂತೆ, ತಿಂದು ಹೋಗುತ್ತದೆ. ಮನೆ ಮಾಡಬೇಕಾದರೆ ಮರಿಗೆ ಬೇಕಾದ ಎಲೆ ಇರಬೇಕು. ದಾಸವಾಳ, ಕೇಪಳ, ಮಲ್ಲಿಗೆಯ ಪಕ್ಕದಲ್ಲಿ ಒಂದು ಕರಿಬೇವು, ಒಂದು ನಿಂಬೆ ಇರಲಿ. ಜಾಗವಿದ್ದವರು, ಅಪಾರ್ಟ್‌ಮೆಂಟ್ ಕಾಂಪೌಂಡಿನ ಬೇಲಿಗೆ, ಶಾಲೆಯ ಆವರಣಕ್ಕೆ ಈಶ್ವರಿ ಬಳ್ಳಿ ಹಬ್ಬಿಸಬಹುದು. ಆದರೆ ಅದು ವಿಷಕಾರಿ ಎಂಬುದನ್ನು ಮಕ್ಕಳಿಗೆ ತಿಳಿಸಿ, ಮನೆಮದ್ದಿಗೆ ಬಳಸಬೇಡಿ.

ಕಂಡದ್ದನ್ನು ದಾಖಲಿಸಿ. ಬಟರ್‌ಫ್ಲೈಸ್ ಆಫ್ ಇಂಡಿಯಾ, ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳಿಗೆ ಯಾರು ಬೇಕಾದರೂ ಫೋಟೊ ಕಳುಹಿಸಬಹುದು. 2020ರಿಂದ ಸೆಪ್ಟೆಂಬರ್ ತಿಂಗಳನ್ನು ದೇಶದಲ್ಲಿ ಬಿಗ್ ಬಟರ್‌ಫ್ಲೈ ಮಂತ್ ಎಂದು ಆಚರಿಸಲಾಗುತ್ತಿದ್ದು, ಸಾಮಾನ್ಯ ಜನರೂ ಪಾಲ್ಗೊಳ್ಳಬಹುದು. ನಿಮ್ಮ ಊರಲ್ಲಿ ಕಾಣುವ ಹೆಣ್ಣು ಯಾವ ವೇಷದ್ದು, ಅಸಲಿ ರೋಸ್ ಚಿಟ್ಟೆಗಳೂ ಇವೆಯೇ ಎಂಬ ಮಾಹಿತಿಗೆ ಮುಂದೆ ಬಹಳ ಬೆಲೆ ಬರಲಿದೆ.

ಮುಂದಿನ ಸಲ ಕರಿಬೇವು ಕೀಳಲು ಹೋದಾಗ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಒಂದು ಕ್ಷಣ ನಿಲ್ಲಿ. ಆ ಎಸಳನ್ನು ಬಿಟ್ಟು ಪಕ್ಕದ ಎಸಳು ಕಿತ್ತುಕೊಳ್ಳಿ. ನಾಲ್ಕು ಎಲೆ ಕಡಿಮೆಯಾದರೆ ಒಗ್ಗರಣೆಯ ಘಮ ಕಡಿಮೆಯಾಗದು. ಒಂದು ತಿಂಗಳ ನಂತರ ಅದೇ ಬಾಲ್ಕನಿಯ ಮೇಲೆ ಕಪ್ಪು-ಕೆಂಪು ರೆಕ್ಕೆಯೊಂದು ಹಾರಿ ಬಂದರೆ, ಅಸಲಿಯೋ ನಕಲಿಯೋ ಎಂದು ಅದರ ಮೈ ನೋಡಿ ಹೇಳಿ!